ನಾಯಿಯನ್ನೂ ಕೇಳಿ ತೆಗೆದ ಫೋಟೋ

ಇದು ನಡೆದ ಕಥೆ. ಮಂಜುಗಡ್ಡೆಯ ಮೇಲೆ ನಡೆದದ್ದರಿಂದ ಅಲ್ಲಲ್ಲಿ ಸ್ವಲ್ಪ ಜಾರಿರಬಹುದು, ಅಷ್ಟು ಬಿಟ್ಟರೆ ಪೂರ್ತಿ ನಿಜ. ನಾನು ಊರಿನ ಶಾಲೆಯಲ್ಲಿ ಭಾಷೆ ಪಾಠ ಹೇಳುವವನು. ಬಿಡುವಿದ್ದಾಗ ಹುಟ್ಟುಹಬ್ಬದ ಮನೆಗಳಿಗೆ ಹೋಗಿ ಒಬ್ಬೊಬ್ಬರ ಧ್ವನಿ ಅಣಕಿಸಿ ಎರಡನೇ ತುಂಡು ಕೇಕ್ ಗಿಟ್ಟಿಸುವವನು. ಹೀಗಾಗಿ ವಿಬ್ರೆನ್ ಮೇಷ್ಟ್ರು ಏನು ಹೇಳಿದರೂ ಅರ್ಧ ಕಳೆದು ಕೇಳುವುದು ಊರಿನ ರೂಢಿ. ಈ ಸಲ ಕಳೆಯಬೇಡಿ. ನಾನು ಸೇರಿಸಬಹುದಾಗಿದ್ದ ತಮಾಷೆಯನ್ನೆಲ್ಲ ಊರೇ ಸೇರಿಸಿಬಿಟ್ಟಿತ್ತು, ನನಗೇನೂ ಉಳಿದಿರಲಿಲ್ಲ.

ನಮ್ಮೂರು ವೆಲ್ಲರ್ಸುಮ್, ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ. ಊರಿಗಿಂತ ಊರ ಮುಂದಿನ ಕೆರೆಯೇ ದೊಡ್ಡದು. ಎಷ್ಟೋ ಚಳಿಗಾಲ ಬರೀ ಕೆಸರು, ಬರೀ ಕೆಮ್ಮು ಅಂತ ಕಳೆದುಹೋದ ಮೇಲೆ ಒಂದು ಫೆಬ್ರವರಿಯಲ್ಲಿ ಕೆರೆ ದಡದಿಂದ ದಡಕ್ಕೆ ಹೆಪ್ಪುಗಟ್ಟಿತು. ಅದೂ ಕಪ್ಪು ಗಡ್ಡೆ. ಗಾಜಿನ ಹಾಗೆ, ಕೆಳಗಿನ ಜೊಂಡೂ ಕಾಣಬೇಕು. ಊರಿಗೆ ಜ್ವರ ಬಂತು. ಅಟ್ಟದಿಂದ ಸ್ಕೇಟುಗಳು ಇಳಿದವು, ಕಚೇರಿಗಳಿಗೆ ಹೋಗಬೇಕಾದವರಿಗೆಲ್ಲ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಆದರೆ ಹೆಸ್ಸೆಲಜ್ಜ ಸರಿ ಅನ್ನುವವರೆಗೆ ಒಬ್ಬರೂ ಕಾಲಿಡುವ ಹಾಗಿಲ್ಲ. ಅವರು ನಮ್ಮ ಸ್ಕೇಟಿಂಗ್ ಸಂಘದ ಮಂಜುಗಡ್ಡೆ ಮೇಸ್ತ್ರಿ. ಗಡ್ಡೆ ಎಷ್ಟು ದಪ್ಪ, ಎಲ್ಲಿ ಮೋಸ, ಎಲ್ಲಿ ನಂಬಿಕೆ ಎಂದು ತೀರ್ಮಾನಿಸುವುದು ಅವರೇ.

ಆ ಬೆಳಿಗ್ಗೆ ಹೆಸ್ಸೆಲಜ್ಜ ದಡದಿಂದ ನಾಲ್ಕು ಮಾರು ದೂರದಲ್ಲಿ ಬೋರಲು ಮಲಗಿ, ಎರಡೂ ಕೈ ಕಣ್ಣಿನ ಸುತ್ತ ಮುಚ್ಚಿಕೊಂಡು ಗಡ್ಡೆಯೊಳಗಿನ ಬಿರುಕು ನೋಡುತ್ತಿದ್ದರು. ಪಕ್ಕದಲ್ಲಿ ಅವರ ನಾಯಿ ಬೊಲ್ಲೆ. ಅದೂ ಹಾಗೇ ಬೋರಲು, ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ, ಮೂಗು ಗಡ್ಡೆಗೆ ಅಂಟಿಸಿ, ಯಜಮಾನನಷ್ಟೇ ಗಂಭೀರವಾಗಿ ಕೆಳಗೆ ಇಣುಕುತ್ತಿತ್ತು. ಹಿಂದೆ ಕೆಂಪಗೆ ಸೂರ್ಯ.

ದಡದಂಚಿನಲ್ಲಿ ನನ್ನ ಪಕ್ಕ ನಿಂತಿದ್ದ ಹಿಸ್ಕೆ ಕ್ಯಾಮೆರಾ ಎತ್ತಿದಳು. ಎತ್ತಿದವಳು ಇಳಿಸಿದಳು.

"ಹೆಸ್ಸೆಲಜ್ಜಾ, ಒಂದು ಫೋಟೋ ತೆಗೀಲಾ?"

"ತೆಗಿಯಮ್ಮಾ. ನನ್ನ ಅಂಡು ಜಾಸ್ತಿ ಕಾಣದ ಹಾಗೆ ತೆಗಿ."

"ಬೊಲ್ಲೆನೂ ಬರ್ತಾನೆ ಇದ್ರಲ್ಲಿ."

"ಅವನನ್ನೇ ಕೇಳ್ಕೋ. ಅವನ ವಿಷಯ ನಾನು ಹೇಗೆ ಹೇಳಲಿ?"

ಹಿಸ್ಕೆ ಜೇಬಿನಿಂದ ಸಾಸೇಜಿನ ತುಂಡು ತೆಗೆದು ನಾಯಿಯ ಮುಂದೆ ಜಾರಿಸಿ, "ಆಗಬಹುದೇನೋ?" ಎಂದು ಕೇಳಿದಳು. ಬೊಲ್ಲೆ ತಲೆಯೆತ್ತದೆ ನಾಲಿಗೆ ಮಾತ್ರ ಚಾಚಿ ಒಪ್ಪಿಗೆ ಕೊಟ್ಟಿತು. ಆಮೇಲೆಯೇ ಅವಳು ಬಟನ್ ಒತ್ತಿದ್ದು. ದಡದಲ್ಲಿ ನಿಂತು ಇದನ್ನೆಲ್ಲ ನೋಡಿ ನಕ್ಕವರು ಇಬ್ಬರು: ಕಾಫಿ ಫ್ಲಾಸ್ಕ್ ಹಿಡಿದಿದ್ದ ನಾನು, ಮತ್ತು ಗೆರ್ಲೋಫ್.

ಹಿಸ್ಕೆ ನನ್ನ ಪಕ್ಕದ ಮನೆಯವಳು. ಪೇಟೆಯ ಗ್ರಂಥಾಲಯದಲ್ಲಿ ಕೆಲಸ. ಶಾಲೆ ಮಕ್ಕಳು ಬಂದಾಗ ಬೇರೆಯವರ ಚಿತ್ರ, ಬರಹ ಎತ್ತಿಕೊಂಡು ತಮ್ಮದೆಂದು ಹಾಕಿಕೊಳ್ಳಬಾರದು ಎಂದು ಪಾಠ ಹೇಳುವುದು ಅವಳೇ. ನಾಯಿಯನ್ನು ಕೇಳಿದ್ದು ಆ ಅಭ್ಯಾಸಬಲ. ಗೆರ್ಲೋಫ್ ಅವಳ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಮದುವೆಗಳಾಗಿ, ಅವಳದು ಮುರಿದು, ಅವನದು ಉಳಿದು, ಏನೇ ಆದರೂ ಶನಿವಾರ ಬಂತೆಂದರೆ ಇಬ್ಬರೂ ಅವನ ದೋಣಿಯಲ್ಲಿ ಫೋಟೋ ತೆಗೆಯಲು ಹೋಗುವುದು ತಪ್ಪುತ್ತಿರಲಿಲ್ಲ. ಅವನ ಹೆಂಡತಿ ಆಫ್ಕೆಯೇ ಇಬ್ಬರಿಗೂ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಅವನು ಕೊಕ್ಕರೆ ತೆಗೆದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು, ಯಾಕೆಂದರೆ 'ನಮ್ಮ ವೆಲ್ಲರ್ಸುಮ್' ಎಂಬ ಪೇಜ್ ಅವನದು. ಸತ್ತವರು, ಹುಟ್ಟಿದವರು, ಕಳೆದುಹೋದ ಬೆಕ್ಕು, ಎಲ್ಲ ಅದರಲ್ಲೇ. ಅವಳು ತೆಗೆದದ್ದು ಅವಳ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಕೇಳಿದರೆ, "ಇನ್ನೂ ಚೆನ್ನಾಗಿ ಬರಬೇಕು" ಎನ್ನುತ್ತಿದ್ದಳು. ಅಷ್ಟು ವರ್ಷದಲ್ಲಿ ಒಂದನ್ನೂ ಅವಳು ನಾಲ್ಕು ಜನರ ಮುಂದೆ ಇಟ್ಟವಳಲ್ಲ.

ಆ ಫೋಟೋ ಮಾತ್ರ ಅವಳಿಗೇ ಇಷ್ಟವಾಯಿತು. ಅದನ್ನು ಗೆರ್ಲೋಫನೊಬ್ಬನಿಗೇ ಕಳಿಸಿ ಬರೆದಳು: "ಹೇಗಿದೆ ನೋಡಿ ಹೇಳು. ಎಲ್ಲೂ ಹಾಕಬೇಡ." ಅವನಿಂದ ಬಂದದ್ದು ಒಂದು ಹೆಬ್ಬೆಟ್ಟು. ಹೆಬ್ಬೆಟ್ಟಿನ ಹಿಂದೆ ಮಾತು ಬರುತ್ತದೆಂದು ಅವಳು ಕಾದಳು.

ಮಾತು ಬರಲಿಲ್ಲ, ಫೋಟೋ ಬಂತು. ಮರುದಿನ ಪೇಜಿನಲ್ಲಿ. ಮೂಲೆಯಲ್ಲಿ, ಸರಿಯಾಗಿ ಬೊಲ್ಲೆಯ ಬಾಲದ ಮೇಲೆ, 'ನಮ್ಮ ವೆಲ್ಲರ್ಸುಮ್' ಎಂಬ ಮುದ್ರೆ. ಕೆಳಗೆ, 'ನಮ್ಮ ಮೇಸ್ತ್ರಿ, ನಮ್ಮ ಗಡ್ಡೆ, ನಮ್ಮ ಹೆಮ್ಮೆ! ಅನುಮತಿಯಿಲ್ಲದೆ ಬಳಸುವಂತಿಲ್ಲ.' ಅದರ ಕೆಳಗೆ ಹೃದಯಗಳ ಸಂತೆ. ಪರವೂರಿನವರು, ಪರದೇಶದವರು, ನಾಯಿ ಸಾಕಿದವರು, ಅಜ್ಜನನ್ನು ಕಳೆದುಕೊಂಡವರು. "ಗೆರ್ಲೋಫ್, ಎಂಥಾ ಕಣ್ಣು ಮಾರಾಯ ನಿಂದು!" ಎಂದು ಊರಿನವರು. ಆ ಮಾತಿಗೆಲ್ಲ ಅವನು ತಪ್ಪದೆ ಕೈಮುಗಿದಿದ್ದ.

ಹಿಸ್ಕೆ ಬೆಳಿಗ್ಗೆಯೇ ನನ್ನ ಅಡುಗೆಮನೆಗೆ ಬಂದಳು. ಕೋಟು ಬಿಚ್ಚಲಿಲ್ಲ.

"ನೋಡಿದ್ಯಾ?"

"ನೋಡ್ದೆ. ಹೇಳಿ ಹಾಕಿದ್ನಾ?"

"ಹಾಕಬೇಡ ಅಂದಿದ್ದೆ."

ನಾನು ಎಂದಿನಂತೆ ಗೆರ್ಲೋಫನ ಗಂಟಲು ತೆಗೆದೆ. ಅವನು ಮಾತಿಗೆ ಮುಂಚೆ ದೋಣಿ ಮೋಟಾರು ಶುರುಮಾಡಿದ ಹಾಗೆ ಕೆಮ್ಮುತ್ತಾನೆ. "ಹ್ರುಂ, ಹ್ರುಂ, ನಮ್ಮ ಹಿಸ್ಕೆ, ನಮ್ಮ ಫೋಟೋ, ನಮ್ಮ ನಿಮ್ಮಲ್ಲಿ ಎಂಥದು ಮಾರಾಯ್ತಿ…"

ಅವಳು ನಗಲಿಲ್ಲ. ನಾನು ಮೋಟಾರು ನಿಲ್ಲಿಸಿದೆ.

"ಮರ್ತಿರ್ತಾನೆ," ಎಂದಳು. "ಅವನೇ ಫೋನ್ ಮಾಡ್ತಾನೆ. ನೋಡೋಣ."

ಅವನು ಫೋನ್ ಮಾಡಲಿಲ್ಲ, ಖುದ್ದಾಗಿ ಬಂದ. ಬಂದದ್ದು ಮಾತ್ರ ನನ್ನ ಮನೆಗೆ, ಆ ವಾರದ ಕೊನೆಗೆ, ಹಿಸ್ಕೆ ಅಲ್ಲೇ ಕಾಫಿ ಹಿಡಿದು ಕೂತಿದ್ದಾಗ. ಬಾಗಿಲಲ್ಲೇ ಕೂಗು.

"ಹ್ರುಂ! ಕಳ್ಳತನ ಕಣೋ ವಿಬ್ರೆನ್! ಹಾಡಹಗಲೇ ಕಳ್ಳತನ! ಓ, ಹಿಸ್ಕೆ, ನೀನೂ ಇದ್ದೀಯಾ, ಒಳ್ಳೇದಾಯ್ತು. ನೋಡಿಲ್ಲಿ. ಹೊಲ್ಲೆವಾರ್ಡಿನವರು! ನಮ್ಮ ಫೋಟೋ ಎತ್ಕೊಂಡು ಅವರ ಪೇಜಲ್ಲಿ ಹಾಕ್ಕೊಂಡಿದ್ದಾರೆ. ನಮ್ಮ ಮುದ್ರೆ ಕಾಣಬಾರದು ಅಂತ ಮೂಲೆನೇ ಕತ್ತರಿಸಿದ್ದಾರೆ. ನಾಯಿ ಬಾಲನೇ ಇಲ್ಲ, ನೋಡು, ನಾಯಿ ಬಾಲ!"

ಹೊಲ್ಲೆವಾರ್ಡ್ ಕೆರೆಯ ಆಚೆ ದಡದ ಊರು. ಅಲ್ಲಿನ ಹೆಪ್ಪು ನಮ್ಮದರಷ್ಟು ಗಟ್ಟಿಯಲ್ಲ ಎಂಬುದು ನಮ್ಮ ಧರ್ಮ.

"ಮೇಷ್ಟ್ರೇ, ಖಡಕ್ಕಾಗಿ ನಾಲ್ಕು ಸಾಲು ಬರ್ಕೊಡು. ಬೈಗುಳ ಬೇಡ, ಕಾನೂನು ಇರಲಿ. ಓದಿದ ತಕ್ಷಣ ಕೈ ನಡುಗಬೇಕು."

"ಏನಂತ ಬರೀಬೇಕು?" ಎಂದೆ. ಹಿಸ್ಕೆಯ ಕಡೆ ನೋಡಲು ಧೈರ್ಯವಾಗಲಿಲ್ಲ.

"ಬರಿ. ಫೋಟೋ ಅನ್ನೋದು ತೆಗೆದವರ ಸ್ವತ್ತು. ಅವರನ್ನ ಕೇಳದೆ ಇನ್ನೊಂದು ಕಡೆ ಹಾಕೋ ಹಾಗಿಲ್ಲ. ಬೇಕಾದ್ರೆ ನಮ್ಮ ಪೇಜಿಂದ ಶೇರ್ ಮಾಡ್ಲಿ, ನೋಡಿದವರು ಇಲ್ಲಿಗೇ ಬರ್ತಾರೆ. ಅದು ಬಿಟ್ಟು ಫೋನಿಗೆ ಇಳಿಸ್ಕೊಂಡು ತಮ್ಮದು ಅನ್ನೋ ಥರ ಮತ್ತೆ ಹಾಕೋದಿದ್ಯಲ್ಲ, ಅದು ಬೇರೆ. ಅದು ಕಳ್ಳತನ. ಸರಿ ತಾನೇ ಹಿಸ್ಕೆ? ನೀನೇ ಮಕ್ಕಳಿಗೆ ಹೇಳೋದಲ್ವಾ ಇದನ್ನ?"

"ಸರಿಯಾಗೇ ಹೇಳಿದೆ," ಎಂದಳು ಹಿಸ್ಕೆ. "ಮಕ್ಕಳಿಗಿಂತ ಚೆನ್ನಾಗಿ ಕಲ್ತಿದ್ದೀಯ. ಒಂದು ಮಾತ್ರ ಬಿಟ್ಟೆ. ತೆಗೆದವರ ಸ್ವತ್ತು ಅಂದ್ಯಲ್ಲ, ತೆಗೆದವರು ಯಾರು ಅಂತ ಬರೀಲಿ ಅವನು?"

"ನಮ್ಮ ವೆಲ್ಲರ್ಸುಮ್ ಅಂತ."

"ಅದು ಪೇಜ್ ಕಣೋ. ಪೇಜಿಗೆ ಬೆರಳಿಲ್ಲ. ಬಟನ್ ಒತ್ತಿದ್ದು ಯಾರು?"

ಗೆರ್ಲೋಫ್ ಫೋನಿನಲ್ಲಿದ್ದ ಫೋಟೋವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ.

"ಓ," ಎಂದ. "ಇದು ನಿಂದಲ್ವಾ."

ಅವನು ನಟಿಸಿದ್ದರೆ ನನಗೆ ಗೊತ್ತಾಗುತ್ತಿತ್ತು, ಅವನ ನಟನೆಯನ್ನು ನಾನು ಅವನಿಗಿಂತ ಚೆನ್ನಾಗಿ ಮಾಡುತ್ತೇನೆ. ಅವನು ನಿಜವಾಗಿ ಮರೆತಿದ್ದ. ನೋಡುತ್ತಿದ್ದಂತೆ ಹಿಸ್ಕೆಯ ಕಿವಿ ಕೆಂಪಾಯಿತು. ಕದ್ದಿದ್ದಾನೆ ಎಂಬುದಕ್ಕೆ ಅವಳು ಸಿದ್ಧವಾಗಿದ್ದಳು. ಕದ್ದದ್ದು ನೆನಪೇ ಇಲ್ಲ ಎಂಬುದಕ್ಕಲ್ಲ.

"ನನ್ನ ಫೋನಲ್ಲಿತ್ತು," ಎಂದ ಅವನು. "ನಾನೂ ಅಲ್ಲೇ ಇದ್ನಲ್ಲ. ನಾನೂ ಒಂದೆರಡು ತೆಗೆದಿದ್ದೆ, ಹಾಗಾಗಿ…"

"ನಾನು ಬರೆದಿದ್ದೆ. ಎಲ್ಲೂ ಹಾಕಬೇಡ ಅಂತ."

"ಓದಿರ್ಲಿಲ್ಲ ಕಣೇ. ಫೋಟೋ ನೋಡ್ದೆ, ಅಷ್ಟು ಚೆನ್ನಾಗಿತ್ತು, ಕೆಳಗೆ ನೋಡೋಕೆ ಹೋಗ್ಲಿಲ್ಲ." ಇದನ್ನು ಅವನು ಹೊಗಳಿಕೆಯೆಂದೇ ಹೇಳಿದ. "ಬೇಜಾರಾಯ್ತಾ? ನಿನ್ನ ಹೆಸರು ಹಾಕ್ತೀನಿ ಬಿಡು, ಈಗ್ಲೇ."

"ಹೆಸರು ಹಾಕಲೇಬೇಕು, ಅದು ಬೇರೆ ಮಾತು. ಕೇಳದೆ ಹೆಸರು ಹಾಕಿದ್ರೂ ಕೇಳದ ಹಾಗೇನೇ. ಮೊದಲು ಕೇಳಬೇಕು."

"ಸರಿ ಮಾರಾಯ್ತಿ, ಈಗ ಕೇಳ್ತಿದೀನಿ. ಹಾಕಲಾ?"

"ಬೇಡ. ತೆಗಿ."

ನನ್ನಂಥವನ ನಾಲಿಗೆಗೆ ಅದು ಹಬ್ಬದೂಟ. ಅವಳು ತೆಗೆದದ್ದನ್ನು ಇವನು ತೆಗೆದುಕೊಂಡ, ಈಗ ತೆಗೆ ಅಂದರೆ ತೆಗೆಯಲು ಕೈ ಬರುತ್ತಿಲ್ಲ. ಆದರೂ ಆಡದೆ ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದೆ.

"ತೆಗೆದ್ರೆ ಅಷ್ಟೂ ಲೈಕು ಹೋಗ್ತವೆ ಕಣೇ!" ಗೆರ್ಲೋಫನ ಧ್ವನಿ ಮಗುವಿನದಾಯಿತು. "ಜನ ಎಷ್ಟು ಬರ್ದಿದ್ದಾರೆ ಗೊತ್ತಾ? ಅಷ್ಟಕ್ಕೂ ವ್ಯಾಪಾರನೂ ಅಲ್ಲ ಇದು. ಊರಿನ ಪೇಜ್! ಒಂದು ಕಾಸು ಬರಲ್ಲ ನಂಗೆ."

"ವ್ಯಾಪಾರ ಅಲ್ಲ ಅಂದ್ರೆ ಕೇಳೋದು ಬೇಡ ಅಂತ ಎಲ್ಲಿದೆ? ನಿನ್ನ ದೋಣಿ ನಾನು ಕೇಳದೆ ತಗೊಂಡ್ಹೋಗಿ, ಊರಿನವರನ್ನೆಲ್ಲ ಪುಕ್ಕಟೆ ಸುತ್ತಿಸಿದ್ರೆ ಸುಮ್ನಿರ್ತೀಯಾ?"

"ಪತ್ರಿಕೆಯವರು ಕೂಡ ಕೇಳಿದ್ದಾರೆ ಗೊತ್ತಾ? ನಾಳೆ ಬರ್ತಾ ಇದೆ ಅದರಲ್ಲಿ!" ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಯಾರನ್ನ ಕೇಳಿದ್ರು?"

"…ನನ್ನ."

"ನೀನೇನಂದೆ?"

"ಸರಿ ಅಂದೆ."

ಹಿಸ್ಕೆ ಕಪ್ಪನ್ನು ಮೇಜಿನ ಮೇಲಿಟ್ಟಳು. ನಿಧಾನವಾಗಿ ಇಟ್ಟಳು, ಒಡೆದೀತೆಂಬಂತೆ.

"ನೋಡು ಗೆರ್ಲೋಫ್. ಪತ್ರಿಕೆ ನಿಲ್ಸೋದು ಬೇಡ. ಲೈಕು ಇಟ್ಕೋ. ನನಗೆ ಬೇಕಾಗಿರೋದು ಒಂದೇ. ಭಾನುವಾರ ಸಂಘದ ಸೂಪಿನೂಟಕ್ಕೆ ಎಲ್ಲರೂ ಬರ್ತಾರೆ. ಎದ್ದು ನಿಂತು ಹೇಳು. ಇದು ಹಿಸ್ಕೆ ತೆಗೆದಿದ್ದು, ನಾನು ಕೇಳದೆ ಹಾಕಿದ್ದೆ ಅಂತ. ನಿನ್ನ ಬಾಯಲ್ಲಿ ಬರಬೇಕು. ಆಮೇಲೆ ಇದರ ಸುದ್ದಿನೇ ಎತ್ತಲ್ಲ."

"ಅಷ್ಟೇನಾ?" ಅವನ ಮುಖ ಅರಳಿತು. "ಹೇಳ್ತೀನಿ! ಖಂಡಿತ ಹೇಳ್ತೀನಿ ಕಣೇ. ಅಷ್ಟಕ್ಕೆ ಇಷ್ಟುದ್ದ ಮುಖ ಮಾಡ್ಕೊಂಡಿದ್ಯಲ್ಲೇ!" ಅವಳ ಭುಜ ತಟ್ಟಿ, ಬಿಸ್ಕತ್ತೊಂದು ಎತ್ತಿಕೊಂಡು, ಬಾಗಿಲ ಹತ್ತಿರ ತಿರುಗಿ ನನಗೆ ಹೇಳಿದ, "ಆದ್ರೂ ಹೊಲ್ಲೆವಾರ್ಡಿನವರಿಗೆ ಬರಿ. ಬಿಡಬೇಡ ಅವರನ್ನ."

ಭಾನುವಾರ ಮಧ್ಯಾಹ್ನ ಸಂಘದ ಮರದ ಮನೆ ತುಂಬಿ ತುಳುಕುತ್ತಿತ್ತು. ಒದ್ದೆ ಉಣ್ಣೆಯ ವಾಸನೆ, ಚಮಚ ನೆಟ್ಟಗೆ ನಿಲ್ಲುವಂಥ ಬಟಾಣಿ ಸೂಪು, ಕಪ್ಪು ರೊಟ್ಟಿಯ ಮೇಲೆ ಹಂದಿಮಾಂಸದ ಚೂರು. ಗೋಡೆಗೆ ಪತ್ರಿಕೆಯ ಪುಟ ಅಂಟಿಸಿದ್ದರು. ಅರ್ಧ ಪುಟದ ಹೆಸ್ಸೆಲಜ್ಜ, ಅರ್ಧ ಪುಟದ ಬೊಲ್ಲೆ. ಕೆಳಗೆ 'ಚಿತ್ರ: ನಮ್ಮ ವೆಲ್ಲರ್ಸುಮ್'. ಹಿಸ್ಕೆ ಹೊಸ ಸ್ವೆಟರ್ ಹಾಕಿಕೊಂಡು ಬಂದಿದ್ದಳು. ನೀಲಿ ಬಣ್ಣದ್ದು. ಅದನ್ನು ನೋಡಿ ನನಗೆ ಸಂಕಟವಾಯಿತು, ಯಾಕೆಂದು ಆಗ ತಿಳಿಯಲಿಲ್ಲ.

ಸಂಘದ ಅಧ್ಯಕ್ಷೆ ಎದ್ದು, ನಮ್ಮೂರ ಹೆಸರು ಪ್ರಾಂತ್ಯಕ್ಕೆಲ್ಲ ಹಬ್ಬಿಸಿದ ಫೋಟೋಗಾಗಿ ಎಂದು ಹೇಳಿ, ಟ್ಯುಲಿಪ್ ಹೂಗಳ ಒಂದು ಗೊಂಚಲು ತೆಗೆದುಕೊಂಡು ಗೆರ್ಲೋಫನನ್ನು ಮುಂದೆ ಕರೆದಳು. ಹಿಸ್ಕೆಯ ಕೈ ಮೇಜಿನ ಅಂಚು ಹಿಡಿದುಕೊಂಡಿತು. ಗೆರ್ಲೋಫ್ ಹೂ ಹಿಡಿದ, ಕೆಮ್ಮಿದ.

"ಹ್ರುಂ. ಸ್ನೇಹಿತರೇ. ಇವತ್ತು ನಾನೊಂದು ಸತ್ಯ ಹೇಳಬೇಕು." ಸದ್ದು ಅಡಗಿತು. ಅವನು ನೇರವಾಗಿ ನಮ್ಮ ಮೇಜಿನ ಕಡೆ ನೋಡಿದ. "ಈ ಫೋಟೋ ನನ್ನದಲ್ಲ."

ಹಿಸ್ಕೆ ಸ್ವೆಟರಿನ ತೋಳು ಎಳೆದು ಸರಿಮಾಡಿಕೊಂಡಳು.

ಎಲ್ಲರೂ ಅವನನ್ನೇ ನೋಡುತ್ತಿದ್ದರು, ಎಷ್ಟು ಪ್ರೀತಿಯಿಂದ! ಹೆಸ್ಸೆಲಜ್ಜ ಕೂಡ. ಆ ಪ್ರೀತಿ ಅವನ ಮುಖಕ್ಕೆ ಒಲೆಯ ಶಾಖದಂತೆ ಬಡಿಯುವುದನ್ನು ನಾನು ನೋಡಿದೆ. ಮುಂದಿನ ಮಾತು ಅವನ ಗಂಟಲಿನವರೆಗೆ ಬಂದದ್ದೂ ಕಂಡಿತು. ಅಲ್ಲಿಂದ ಅದು ತಿರುಗಿ ಹೋಯಿತು.

"ಇದು," ಎಂದ, ಹೂಗೊಂಚಲನ್ನು ಎತ್ತಿ ಹಿಡಿದು, "ನಮ್ಮೆಲ್ಲರದು!"

ಮರದ ಮನೆ ಚಪ್ಪಾಳೆಯಿಂದ ನಡುಗಿತು. "ಎಂಥ ದೊಡ್ಡ ಮನಸ್ಸು," ಎಂದು ಪಕ್ಕದ ಮೇಜಿನ ಹೆಂಗಸು ಕಣ್ಣೊರೆಸಿಕೊಂಡಳು. ಹೆಸ್ಸೆಲಜ್ಜ ನಮ್ಮ ಕಡೆ ಬಾಗಿ, "ಅಲ್ಲಮ್ಮಾ, ಅವತ್ತು ನನ್ನ ಕೇಳಿದ್ದು ನೀನಲ್ವಾ?" ಎಂದದ್ದು ಆ ಗದ್ದಲದಲ್ಲಿ ಮುಳುಗಿತು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಏಳಹೋದೆ. ಹಿಸ್ಕೆ ನನ್ನ ತೋಳು ಎಳೆದು ಕೂರಿಸಿದಳು.

"ನೀನು ಹೇಳಬೇಡ. ಯಾರೂ ಹೇಳೋದು ಬೇಡ. ಅವನು ಹೇಳ್ಬೇಕಿತ್ತು."

ಮುಂದೆ ಮೂರನೇ ಬಟ್ಟಲು ಸೂಪಿನ ಹೊತ್ತಿಗೆ ಗೆರ್ಲೋಫ್ ನಮ್ಮ ಮೇಜಿಗೆ ಬಂದು ಅವಳ ಕಿವಿಯಲ್ಲಿ, "ಹೇಳಿದ್ನಲ್ಲ, ನನ್ನದಲ್ಲ ಅಂತ?" ಎಂದು ಕಣ್ಣು ಹೊಡೆದು, ಹೂವಿನಲ್ಲಿ ಒಂದನ್ನು ಕಿತ್ತು ಅವಳ ತಟ್ಟೆಯ ಪಕ್ಕ ಇಟ್ಟು ಹೋದ. ಅವಳು ಅದನ್ನು ಅಲ್ಲೇ ಬಿಟ್ಟು ಬಂದಳು.

ಕೆರೆ ಕರಗಿತು. ಶನಿವಾರಗಳಂದು ದೋಣಿ ಒಬ್ಬನನ್ನೇ ಹೊತ್ತು ಹೋಗತೊಡಗಿತು. ಫೋಟೋದ ಕೆಳಗೆ ಗೆರ್ಲೋಫ್ ಒಂದು ಸಾಲು ಸೇರಿಸಿದ: 'ಸಹಕಾರ: ಹಿಸ್ಕೆ'. 'ಇನ್ನಷ್ಟು ಓದಿ' ಎಂಬುದನ್ನು ಒತ್ತಿದರೆ ಕಾಣುತ್ತಿತ್ತು. ನಾನು ಅದನ್ನು ತೋರಿಸಿದಾಗ ಅವಳು, "ಸಹಕಾರ ಅಂದ್ರೆ? ನಾನು ಗಡ್ಡೆ ಹಿಡ್ಕೊಂಡಿದ್ನಾ?" ಎಂದಳು. ಆ ದಿನಗಳಲ್ಲಿ ಅವಳು ಆಡಿದ ತಮಾಷೆ ಅದೊಂದೇ. ಕ್ಯಾಮೆರಾ ಬೀರು ಸೇರಿತು. "ತೆಗೆದು ಯಾರಿಗೆ ತೋರಿಸಲಿ?" ಎಂದಳು. "ಮೊದಲು ತೋರಿಸ್ತಿದ್ದದ್ದೇ ಅವನಿಗೆ."

ಮೇ ತಿಂಗಳಲ್ಲಿ ಗೆರ್ಲೋಫನಿಗೆ ಐವತ್ತು. ನಮ್ಮಲ್ಲಿ ಐವತ್ತು ತುಂಬಿದ ಗಂಡಸು ಧರ್ಮಗ್ರಂಥದ ಮುದುಕ ಅಬ್ರಹಾಮನನ್ನು ಕಂಡ ಎನ್ನುತ್ತಾರೆ. ಅಂದು ಅವನು ಏಳುವ ಮೊದಲೇ ನೆರೆಹೊರೆಯವರು ಅವನ ಅಂಗಳದಲ್ಲಿ ಅಬ್ರಹಾಮನೆಂದು ಹುಲ್ಲು ತುಂಬಿದ, ಗಡ್ಡದ ಮುದುಕನ ಬೊಂಬೆಯೊಂದನ್ನು ಕೂರಿಸಬೇಕು. ಬೇಲಿಗೆ ಅವನ ಮಾನ ಹರಾಜಾಗುವಂಥ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿಸಿ ತೂಗುಹಾಕಬೇಕು. ಹಾದುಹೋಗುವವರೆಲ್ಲ ಹಾರ್ನ್ ಹೊಡೆಯಬೇಕು. ತಿಂಗಳ ಹಿಂದೆಯೇ ಆಫ್ಕೆ ನಮ್ಮಿಬ್ಬರಿಗೂ ಹೇಳಿಟ್ಟಿದ್ದಳು. ಅವಳಿಗೆ ಸೂಪಿನ ದಿನದ ಒಳಗುಟ್ಟು ಗೊತ್ತಿರಲಿಲ್ಲ.

"ನೀನು ಮುದುಕನ್ನ ಮಾಡು," ಎಂದಳು ಹಿಸ್ಕೆ ನನಗೆ. "ಬ್ಯಾನರ್ ನಾನು ಮಾಡಿಸ್ತೀನಿ."

ನನಗೆ ಖುಷಿಯಾಯಿತು. ಸಿಟ್ಟು ಇಳಿದಿದೆ, ಬೇಲಿಯ ಮೇಲೆ ಅವನ ಚಡ್ಡಿಯ ಫೋಟೋ ಬೀಳುತ್ತದೆ, ಲೆಕ್ಕ ಚುಕ್ತಾ ಅಂದುಕೊಂಡೆ. ಮುದುಕನಿಗೆ ನನ್ನ ಹಳೇ ಕೋಟು ತೊಡಿಸಿ, ಕೊರಳಿಗೆ ರಟ್ಟಿನ ಕ್ಯಾಮೆರಾ ನೇತುಹಾಕಿ, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಕೊಕ್ಕರೆಯನ್ನೂ ಸಿಕ್ಕಿಸಿದೆ.

ಆ ಬೆಳಿಗ್ಗೆ ಮುದುಕನನ್ನು ಗೆರ್ಲೋಫನ ಅಂಗಳದಲ್ಲಿ ಕೂರಿಸಿ ತಿರುಗಿದಾಗ ಹಿಸ್ಕೆ ಬೇಲಿಗೆ ಬ್ಯಾನರ್ ಬಿಗಿಯುತ್ತಿದ್ದಳು. ಮಡಿಕೆ ಬಿಚ್ಚಿಕೊಂಡಿತು. ಚಡ್ಡಿ ಇರಲಿಲ್ಲ. ಬೇಲಿಯುದ್ದಕ್ಕೂ ಹೆಸ್ಸೆಲಜ್ಜ, ಬೊಲ್ಲೆ, ಕೆಂಪು ಸೂರ್ಯ. ಮೂಲೆಯಲ್ಲಿ ಯಾವ ಮುದ್ರೆಯೂ ಇಲ್ಲದೆ, ಬಾಲದ ಸಮೇತ. ಕೆಳಗೆ ದಪ್ಪಕ್ಷರ:

'ಈ ಫೋಟೋ ತೆಗೆದವಳು ಹಿಸ್ಕೆ. ಗೆರ್ಲೋಫ್ ಕೇಳದೆ ಹಾಕಿಕೊಂಡ. ಹೇಳುತ್ತೇನೆ ಎಂದು ಮಾತು ಕೊಟ್ಟ. ಹೇಳಲಿಲ್ಲ.'

ಎರಡು ಸಲ ಓದಿದೆ. ಅದರಲ್ಲಿ ಒಂದಕ್ಷರ ನಗು ಇರಲಿಲ್ಲ.

"ಹಿಸ್ಕೆ, ಇವತ್ತೇ ಬೇಕಿತ್ತಾ? ಇಲ್ಲೇ?"

"ಇವತ್ತು ಇಡೀ ಊರು ಈ ಬೇಲಿ ಓದತ್ತೆ," ಎಂದಳು ಹಗ್ಗದ ಗಂಟು ಬಿಗಿಯುತ್ತ. "ಬೇರೆ ದಿನ ಹಾಕಿದ್ರೆ ಜಗಳಗಂಟಿ ಅಂತಾರೆ. ಇವತ್ತು ಓದ್ತಾರೆ."

ಓದಿದರು. ರೊಟ್ಟಿ ತರಲು ಸೈಕಲ್ಲಿನಲ್ಲಿ ಹೊರಟವರು ಬ್ರೇಕ್ ಹಾಕಿದರು. ಓದಿದರು, ಒಂದು ಕ್ಷಣ ಹುಬ್ಬೇರಿಸಿದರು, ಆಮೇಲೆ ಹುಲ್ಲಿನ ಮುದುಕನನ್ನು ನೋಡಿದರು. ಮುದುಕನನ್ನು ನೋಡಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಲ್ಲೆವಾರ್ಡಿನವರ ಮೇಲೆ ಅವನು ಹಾರಾಡಿದ್ದು ಎಲ್ಲರಿಗೂ ಗೊತ್ತಿತ್ತಲ್ಲ! ಅವನನ್ನೇ ಕಳ್ಳ ಮಾಡಿ ಬೇಲಿಗೇರಿಸಿದ್ದಾಳೆ!

"ಹಿಸ್ಕೆ, ನಿನ್ನೊಳಗೆ ಇಷ್ಟು ಕಿತಾಪತಿ ಇದೆ ಅಂತ ಗೊತ್ತೇ ಇರ್ಲಿಲ್ಲ ಕಣೇ!"

"ನೋಡೋಕೆ ಮಾತ್ರ ಮೂಕಿ!"

"ಇದು ತಮಾಷೆ ಅಲ್ಲ," ಎಂದಳು ಹಿಸ್ಕೆ.

ಆ ಒಂದು ಮಾತಿಗೆ ಬಿದ್ದ ನಗುವನ್ನು ನಾನು ಇಷ್ಟು ವರ್ಷ ಧ್ವನಿ ಬದಲಿಸಿ ಬದಲಿಸಿ ದುಡಿದ ನಗೆಗಳೆಲ್ಲ ಸೇರಿದರೂ ತೂಗಲಾರವು. "ಮುಖ ನೋಡು, ಮುಖ! ಒಂಚೂರೂ ಅಲುಗಾಡ್ತಿಲ್ಲ! ವಿಬ್ರೆನ್, ಇವಳಿಂದ ಕಲಿಯೋ!"

"ನಿಜ ಕಣ್ರೀ," ಎಂದೆ ನಾನು. "ಅವಳು ಹೇಳ್ತಿರೋದು ನಿಜ. ನಾನೇ ಸಾಕ್ಷಿ."

"ಓಹೋಹೋ, ಸಾಕ್ಷಿಗೆ ಯಾರನ್ನ ಕರ್ಕೊಂಡು ಬಂದಿದ್ದಾಳೆ ನೋಡ್ರಪ್ಪಾ!" ಬೇಲಿ ಹಿಡಿದು ಕುಸಿದವರೂ ಇದ್ದರು. ಅಬ್ರಹಾಮನ ದಿನ ಬೇಲಿಯ ಮೇಲೆ ಏನೇ ಬಿದ್ದರೂ ಅದು ನಗುವುದಕ್ಕೇ. ಸಾವಿನ ಸುದ್ದಿ ತೂಗಿಸಿದರೂ ನಮ್ಮೂರು ಒಮ್ಮೆ ನಕ್ಕೇ ಕೇಳುತ್ತಿತ್ತೇನೋ. ಇಲ್ಲೇ ಹುಟ್ಟಿ ಬೆಳೆದವಳು ಅವಳು, ಎಷ್ಟೋ ಬೇಲಿಗಳ ಮುಂದೆ ತಾನೇ ನಿಂತು ನಕ್ಕವಳು. ಅದು ಹೇಗೆ ಹೊಳೆಯಲಿಲ್ಲವೋ!

ಬಾಗಿಲು ತೆರೆಯಿತು. ಗೆರ್ಲೋಫ್ ಚಪ್ಪಲಿ ಮೆಟ್ಟಿ, ಮಲಗುವ ಬಟ್ಟೆಯ ಮೇಲೆ ಕೋಟು ಹೊದ್ದು ಹೊರಬಂದ. ಹಿಂದೆ ಕಾಫಿ ಟ್ರೇ ಹಿಡಿದ ಆಫ್ಕೆ. ಊರು ಹುಟ್ಟುಹಬ್ಬದ ಹಾಡು ಹಿಡಿಯಿತು. ಅವನು ಮುದುಕನಿಗೆ ಸಲಾಮು ಹೊಡೆದು, ಕೊಕ್ಕರೆಯ ಕತ್ತು ಹಿಂಡಿ, ಬೇಲಿಯ ಕಡೆ ಬಂದ. ಬ್ಯಾನರಿನ ಬೆನ್ನು ಅವನ ಕಡೆಗಿತ್ತು. ಗೇಟು ದಾಟಿ ರಸ್ತೆಗೆ ಬಂದು ತಿರುಗಿ ಓದಿದ.

ಅವನ ಮುಖದಿಂದ ರಕ್ತ ಇಳಿಯಿತು. ಅದನ್ನು ನಾನು ನೋಡಿದೆ. ಹಿಸ್ಕೆಯೂ ನೋಡಿದಳು. ಹಿಂದೆಯೇ ಬಂದ ಆಫ್ಕೆಯೂ ಓದಿ, ಗಂಡನ ಮುಖ ನೋಡಿ, ಟ್ರೇಯನ್ನು ಬೇಲಿಯ ಬುಡದಲ್ಲಿ ಇಟ್ಟಳು.

ಹಿಸ್ಕೆ ಅವನ ಹತ್ತಿರ ಹೋಗಿ ನಿಂತಳು. ಹಾಡು ತಾನಾಗಿ ನಿಂತಿತು.

"ಓದಿದೆಯಲ್ಲ ಗೆರ್ಲೋಫ್. ನಿಜವೋ ಸುಳ್ಳೋ? ಅಷ್ಟು ಹೇಳಿಬಿಡು. ನಾನು ಇದನ್ನ ಬಿಚ್ಕೊಂಡು ಮನೆಗೆ ಹೋಗ್ತೀನಿ."

ಅವನು ಅವಳ ಕಣ್ಣು ನೋಡಿದ. ತುಸು ಹೊತ್ತು ಚೆನ್ನಾಗಿಯೇ ನೋಡಿದ. ಹಳೆಯ ಬೆಂಚಿನ ಗೆರ್ಲೋಫ್ ಎಲ್ಲೋ ಒಳಗೆ ಎದ್ದು ಕೂತಂತೆ ಕಂಡಿತು. ಆಮೇಲೆ ಅವನ ಕಣ್ಣು ಅವಳ ಭುಜದಾಚೆ ಹೋಯಿತು. ಅಲ್ಲಿ ಊರೆಲ್ಲ ಫೋನುಗಳನ್ನು ಎತ್ತಿ ಹಿಡಿದು, ಬಾಯಿ ಅರ್ಧ ತೆರೆದು, ನಗಲು ಸಿದ್ಧವಾಗಿ ಕಾಯುತ್ತಿತ್ತು.

"ನಿಜ!" ಎಂದು ಎರಡೂ ಕೈ ಆಕಾಶಕ್ಕೆತ್ತಿದ. "ನಿಜ ಕಣ್ರಪ್ಪೋ! ನಾನೇ ಕಳ್ಳ! ಫೋಟೋ ತೆಗೆದವಳು ಇವಳು! ನಾನು ಕೇಳಲಿಲ್ಲ! ಹೇಳ್ತೀನಿ ಅಂತ ಮಾತು ಕೊಟ್ಟೆ, ಹೂ ಇಸ್ಕೊಂಡೆ, ಹೇಳಲೇ ಇಲ್ಲ! ಅಬ್ರಹಾಮಪ್ಪಾ, ಹಿಡ್ಕೊಂಡು ಹೋಗು ನನ್ನ!" ಎಂದು ಓಡಿಹೋಗಿ ಹುಲ್ಲಿನ ಮುದುಕನ ಮುಂದೆ ಮಂಡಿಯೂರಿ, ಎರಡೂ ಮಣಿಕಟ್ಟು ಜೋಡಿಸಿ ಚಾಚಿದ.

ರಸ್ತೆಯೇ ಸ್ಫೋಟಿಸಿತು. ಹಾರ್ನು, ಸೈಕಲ್ ಗಂಟೆ, ಶಿಳ್ಳೆ. ಹೆಸ್ಸೆಲಜ್ಜ ಒಬ್ಬರು ಮಾತ್ರ ನಾಯಿಯ ಕೊರಳಪಟ್ಟಿ ಹಿಡಿದು, ಒಮ್ಮೆ ಬ್ಯಾನರನ್ನೂ ಒಮ್ಮೆ ಹಿಸ್ಕೆಯನ್ನೂ ನೋಡುತ್ತ ನಿಂತಿದ್ದರು.

ಫೆಬ್ರವರಿಯಿಂದ ಅವಳು ಕಾದಿದ್ದ ಮಾತು ಅದೇ. ಒಂದೂ ಬಿಡದೆ, ಊರೆಲ್ಲರ ಮುಂದೆ, ಅವನದೇ ಬಾಯಲ್ಲಿ ಬಂದಿತ್ತು. "ಹೌದು," ಎಂದಳು ಹಿಸ್ಕೆ. ಪಕ್ಕದಲ್ಲಿದ್ದ ನನಗೂ ಅದು ಸರಿಯಾಗಿ ಕೇಳಿಸಲಿಲ್ಲ, ತುಟಿ ಅಲುಗಿದ್ದು ಕಂಡಿತು ಅಷ್ಟೇ.

ಗೆರ್ಲೋಫ್ ಎದ್ದು ಬಂದು ಅವಳ ಹೆಗಲ ಮೇಲೆ ತೋಳು ಹಾಕಿ, ಅವಳನ್ನು ಫೋನುಗಳ ಕಡೆ ತಿರುಗಿಸಿದ. ಅವನ ಬೆರಳುಗಳು ಅವಳ ತೋಳನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದವು. ಕಣ್ಣಲ್ಲಿ ನೀರು ತುಂಬಿತ್ತು. ತಲೆಯನ್ನು ಹಿಂದಕ್ಕೆ ಚೆಲ್ಲಿ ಅವನು ನಗುತ್ತಿದ್ದ, ಅಲ್ಲಿ ನೆರೆದಿದ್ದವರೆಲ್ಲರ ನಗುವೂ ಮುಚ್ಚಿಹೋಗುವಷ್ಟು ಜೋರಾಗಿ.